ಬಾಗಿಲ ಹಿಂದಿನ ಮೊಳೆ

ಹುಮನಾಬಾದಿನ ಮಾಜಿ ಸೈನಿಕರು ಸೇರಿ ನಡೆಸಿದ ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಮೈಕ್ ಹಿಡಿದವರು ತೀರಿಹೋದ ನಮ್ಮ ಡಾಕ್ಟರನ್ನು ‘ನಿರ್ಭೀತ ವೈದ್ಯರು’ ಎಂದು ಕರೆದರು. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಕಾಂಪೌಂಡರ್ ಕಾಕಾ ಕೆಮ್ಮಿದರು. ಎರಡನೆಯವರು ‘ಅಂಜಿಕೆ ಅಂದರೇನೆಂದು ತಿಳಿಯದ ಪುಣ್ಯಾತ್ಮ’ ಎಂದಾಗ ಕಾಕಾ ನನ್ನತ್ತ ವಾಲಿ, “ಇವರು ಯಾರ ಬಗ್ಗೆ ಮಾತಾಡಾಕತ್ತಾರ್ರಿ ಮೇಡಂ? ನಾವು ಬ್ಯಾರೇ ಸಭಾಕ್ಕ ಬಂದು ಕುಂತೀವೇನು?” ಎಂದು ಪಿಸುಗುಟ್ಟಿದರು.

ನನ್ನನ್ನೂ ಮಾತಾಡಲು ಕರೆದರು. ತಲೆಯಾಡಿಸಿ ಬೇಡವೆಂದೆ. ನಾನು ಹೇಳಬೇಕಾದದ್ದು ಆ ಸಭೆಗೆ ಹೊಂದುತ್ತಿರಲಿಲ್ಲ. ನಾನು ಕಂಡವರಲ್ಲೆಲ್ಲ ಅತಿ ಹೆಚ್ಚು ಹೆದರುತ್ತಿದ್ದ ಮನುಷ್ಯ ಅವರು. ಅವರ ಕೈಕೆಳಗೆ ಆರು ವರ್ಷ ಕೆಲಸ ಮಾಡಿದ ನನಗೆ ಅವರಿಂದ ಬಂದ ಆಸ್ತಿ ಏನಾದರೂ ಇದ್ದರೆ ಅದು ಆ ಹೆದರಿಕೆಯೇ. ಜೊತೆಗೆ, ಸಭೆಯ ಕೊನೆಯ ಸಾಲಿನಲ್ಲಿ ನಾರಾಯಣಪುರದ ಹವಾಲ್ದಾರರು ಬಂದು ಕುಳಿತಿದ್ದರು. ಅವರಿರುವಲ್ಲಿ ನನಗೆ ಇಂದಿಗೂ ಮಾತು ಸರಿಯಾಗಿ ಹೊರಡುವುದಿಲ್ಲ.

ನಾನು ಬರೆಯುತ್ತಿರುವುದು ಒಬ್ಬ ಮೂತ್ರರೋಗ ತಜ್ಞರ ಬಗ್ಗೆ. ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ ಅವರದು ಹನ್ನೆರಡು ಹಾಸಿಗೆಗಳ ಸಣ್ಣ ಆಸ್ಪತ್ರೆ. ಶನಿವಾರ ಮಾತ್ರ ಬಸವಕಲ್ಯಾಣದ ಒಂದು ಬಾಡಿಗೆ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಬರುವವರಲ್ಲಿ ಹೆಚ್ಚಿನವರು ಸೈನ್ಯದಿಂದ ನಿವೃತ್ತರಾದವರು. ಮರಳುಗಾಡಿನ ಕಾವಲಿನಲ್ಲಿ ನೀರು ಸಾಲದೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಕೊಂಡವರು, ವಯಸ್ಸಾಗಿ ಮೂತ್ರ ಕಟ್ಟಿ ಒದ್ದಾಡುವವರು, ಬೆನ್ನುಮೂಳೆಗೆ ಪೆಟ್ಟಾಗಿ ಜೀವಮಾನವಿಡೀ ನಳಿಕೆ ಹಾಕಿಕೊಂಡು ಬದುಕುವವರು. ಅವರೆಲ್ಲ ಇವರನ್ನು ‘ಸಾಬ್’ ಎನ್ನುತ್ತಿದ್ದರು. ಇವರು ಸೈನ್ಯದಲ್ಲಿ ಒಂದು ದಿನವೂ ಇದ್ದವರಲ್ಲ.

ನಾನು ಓದು ಮುಗಿಸಿ ಅಲ್ಲಿ ಸೇರಿದ ಮೊದಲ ಶನಿವಾರ ತಮ್ಮ ಕಾರಿನಲ್ಲೇ ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದರು. ಕಬ್ಬಿನ ಸುಗ್ಗಿ. ಹಳ್ಳಿಖೇಡದ ಕಾರ್ಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ರಸ್ತೆ ತುಂಬ ತೊನೆಯುತ್ತಿದ್ದವು. ಎದುರಿಗೆ ಒಂದು ಟ್ರ್ಯಾಕ್ಟರ್ ಕಂಡರೂ ಸಾಕು, ಇವರು ಕಾರನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿ, ಅದು ಹೋಗುವವರೆಗೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ಏಳನೆಯ ಸಲವೋ ಎಂಟನೆಯ ಸಲವೋ ನಿಂತಾಗ ಹಿಂದಿನ ಸೀಟಿನಿಂದ ಕಾಂಪೌಂಡರ್ ಕಾಕಾ ಹೇಳಿದರು, “ಸಾಬ್, ನಡಕೊಂಡು ಹೋಗಿದ್ರ ಇಷ್ಟೊತ್ತಿಗಿ ಕಲ್ಯಾಣದಾಗ ಚಹಾ ಕುಡೀತಿದ್ವಿ.”

“ನಡಕೊಂಡು ಹೋಗಾಕ ನಾಯಿ ಅಂಜಿಕಿ ಅದ ಕಾಕಾ.”

ಕಾಕಾ ಸೈನ್ಯದ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷ ಶುಶ್ರೂಷಕರಾಗಿ ದುಡಿದು ಬಂದವರು. ಅವರ ನಗು ಜೋರು. ನಾನು ನಗಲಿಲ್ಲ. ಇಂಥ ಮನುಷ್ಯ ಕತ್ತಿ ಹೇಗೆ ಹಿಡಿಯುತ್ತಾರೆ ಎಂದು ಯೋಚಿಸುತ್ತಿದ್ದೆ.

ಹಿಡಿಯುತ್ತಿದ್ದರು, ಆದರೆ ಹೆದರಿಕೊಂಡೇ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯನ್ನು ‘ಯಾವ ಕಡೆ?’ ಎಂದು ಮೂರು ಸಲ ಕೇಳುತ್ತಿದ್ದರು. ಬಾಯಲ್ಲಿ ಹೇಳಿದರೆ ಸಾಲದು, ರೋಗಿ ತನ್ನ ಪಕ್ಕೆಯನ್ನು ತಾನೇ ತಟ್ಟಿ ತೋರಿಸಬೇಕು. ಒಬ್ಬ ಹಿರಿಯ ಸುಬೇದಾರರು ರೇಗಿಯೇಬಿಟ್ಟರು. “ಮೂರು ಸಲ ತಟ್ಟೀನ್ರಿ ಸಾಬ್. ಇನ್ನೊಂದು ಸಲ ಕೇಳಿದ್ರ ನನಗೇ ಡೌಟ್ ಬರ್ತದ.”

“ಬರಲಿ. ನನಗೊಬ್ಬನಿಗೇ ಯಾಕ ಬರಬೇಕು?” ಎಂದು ಇವರು ನಾಲ್ಕನೆಯ ಸಲ ಕೇಳಿದರು.

ಶಸ್ತ್ರಚಿಕಿತ್ಸೆಯ ದಿನ ಕೊನೆಯ ರೋಗಿಯ ಹಾಸಿಗೆಗೆ ತೂಗುಹಾಕಿದ ಚೀಲದಲ್ಲಿ ಮೂತ್ರ ತಿಳಿಯಾಗಿ ಇಳಿಯುವವರೆಗೆ ಅವರು ಊಟ ಮುಟ್ಟುತ್ತಿರಲಿಲ್ಲ. ಮನೆಯಿಂದ ತಂದ ರೊಟ್ಟಿ ಡಬ್ಬಿಯಲ್ಲೇ ಸೆಟೆದುಕೊಳ್ಳುತ್ತಿತ್ತು. ಹದಿನೈದು ನಿಮಿಷಕ್ಕೊಮ್ಮೆ ಹೋಗಿ ಆ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆಳಕಿಗೆ ಹಿಡಿದು ನೋಡಿ ಬರುತ್ತಿದ್ದರು. ಹೆದರಿದಾಗ ಅವರ ಮುಖ ಬದಲಾಗುತ್ತಿರಲಿಲ್ಲ. ಕಿವಿಗಳು ಮಾತ್ರ ಕೆಂಪಾಗುತ್ತಿದ್ದವು. ಆಸ್ಪತ್ರೆಯ ಎಲ್ಲರೂ ದಿನದ ಹವಾಮಾನವನ್ನು ಆ ಕಿವಿಗಳಲ್ಲಿ ಓದುತ್ತಿದ್ದೆವು.

ರೋಗಿಗಳಿಗೆ ನಾನೊಂದು ತೊಂದರೆಯಾಗಿದ್ದೆ. ಅರವತ್ತು ದಾಟಿದ ನಿವೃತ್ತ ಯೋಧರು ಒಬ್ಬ ಹುಡುಗಿಯ ಮುಂದೆ ತಮ್ಮ ತಕಲೀಫು ಹೇಳುವುದು ಹೇಗೆ? ‘ಮಶೀನ್ ಜಾಮ್ ಆಗ್ಯದ’ ಎಂದು ಛಾವಣಿಗೆ ಹೇಳುತ್ತಿದ್ದರು. ಒಮ್ಮೆ ಇವರು ಪರದೆಯಾಚೆಯಿಂದ ಕೂಗಿದರು, “ಗಡಿಯೊಳಗ ಅಂಜಲಿಲ್ಲ, ಇಲ್ಲಿ ಡಾಕ್ಟರ್ ಬಾಯಿಗಿ ಅಂಜತೀರೇನ್ರಿ?”

“ಗಡಿಯೊಳಗ ಪ್ಯಾಂಟ್ ಹಾಕ್ಕೊಂಡಿದ್ದಿವ್ರಿ ಸಾಬ್!”

ಅಂದು ನಾನೂ ನಕ್ಕೆ. ಸಾಬ್ ನನ್ನನ್ನು ‘ಡಾಕ್ಟರ್ ಬಾಯಿ’, ಅಂದರೆ ಡಾಕ್ಟರಮ್ಮ, ಎಂದೇ ಕರೆಯುತ್ತಿದ್ದರು, ಅವಸರವಾದರೆ ಬರೀ ‘ಬಾಯಿ’.

ಇನ್ನು ಮೊಳೆಯ ಸಂಗತಿ. ಕಲ್ಲು ತೆಗೆದ ಮೇಲೆ ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಒಳಗೊಂದು ತೆಳುವಾದ ಮೆತ್ತನೆಯ ನಳಿಕೆ ಇಡುವುದುಂಟು. ಅದಕ್ಕೆ ನಾವು ಸ್ಟೆಂಟ್ ಎನ್ನುತ್ತೇವೆ, ಇಲ್ಲಿನವರು ಪೈಪ್ ಎನ್ನುತ್ತಾರೆ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಎರಡೂ ತುದಿ ಸುರುಳಿ. ಬಾವು ಇಳಿಯುವವರೆಗೆ ಮೂತ್ರ ಕಟ್ಟದಂತೆ ಅದು ದಾರಿ ಕಾಯುತ್ತದೆ. ಹೊರಗಿನಿಂದ ಕಾಣುವುದಿಲ್ಲ. ತಿಂಗಳೊಳಗೆ, ಹೆಚ್ಚೆಂದರೆ ಮೂರು ತಿಂಗಳೊಳಗೆ ತೆಗೆಯಲೇಬೇಕು. ತೆಗೆಯುವುದು ಐದು ನಿಮಿಷದ ಕೆಲಸ. ಮರೆತರೆ ಅದರ ಮೇಲೆ ಲವಣ ಕಟ್ಟಿ ನಳಿಕೆಯೇ ಕಲ್ಲಾಗುತ್ತದೆ, ಮೂತ್ರಪಿಂಡವನ್ನು ಸದ್ದಿಲ್ಲದೆ ತಿನ್ನುತ್ತದೆ.

ಮರೆಯದಿರಲು ಅವರದೊಂದು ಕ್ರಮವಿತ್ತು. ಹಳೆಯ ಲಗ್ನಪತ್ರಿಕೆಗಳನ್ನು ಉದ್ದಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದರು. ಅದರ ಬೆನ್ನಿಗೆ ಸ್ಟೆಂಟಿನ ಪೊಟ್ಟಣದ ಚೀಟಿ ಅಂಟಿಸಿ, ರೋಗಿಯ ಹೆಸರು, ಊರು, ಎಡವೋ ಬಲವೋ, ತೆಗೆಯಬೇಕಾದ ದಿನ ಬರೆದು, ದಾರ ಪೋಣಿಸಿ ತಮ್ಮ ಕೋಣೆಯ ಗೋಡೆಯ ದೊಡ್ಡ ಮೊಳೆಗೆ ತೂಗುಹಾಕುತ್ತಿದ್ದರು. ಸಂಜೆ ಆಸ್ಪತ್ರೆ ಬಿಡುವ ಮೊದಲು ಕಾಕಾ ಒಂದೊಂದೇ ಹೆಸರು ಓದಬೇಕು, ಇವರು ಚೀಟಿ ನೋಡದೆ ದಿನ ಹೇಳಬೇಕು. ಈ ಪದ್ಧತಿ ಕಾಕಾ ಸೈನ್ಯದಿಂದ ತಂದದ್ದು. “ಫೌಜಿನ್ಯಾಗ ಸಂಜೀಕ ಬಂದೂಕ ಎಣಿಸಿ ಒಳಗಿಡ್ತಾರ್ರಿ ಮೇಡಂ. ಒಂದು ಕಮ್ಮಿ ಬಿತ್ತಂದ್ರ ಯಾರಿಗೂ ಊಟಿಲ್ಲ” ಎಂದು ನನಗೆ ವಿವರಿಸಿದ್ದರು. ನಳಿಕೆ ತೆಗೆದ ದಿನ ಚೀಟಿಯನ್ನು ರೋಗಿಯ ಕೈಗೇ ಕೊಡುತ್ತಿದ್ದರು. ಅವನೇ ಹರಿದು ಬುಟ್ಟಿಗೆ ಹಾಕಬೇಕು. ಮಾಜಿ ಸೈನಿಕರಿಗೆ ಇದು ಬಹಳ ಪ್ರಿಯವಾಗಿತ್ತು. ಟರ್ರೆಂದು ಹರಿದು, ‘ಛುಟ್ಟಿ!’ ಎಂದು ಹೊರಡುತ್ತಿದ್ದರು.

ನನಗೆ ಇದೆಲ್ಲ ಸಂಕೋಚವೆನಿಸುತ್ತಿತ್ತು. ಇಷ್ಟು ಕಲಿತವರು ಗೋಡೆಗೆ ಲಗ್ನಪತ್ರಿಕೆ ನೇತುಹಾಕಿಕೊಂಡು ಕೂರುವುದೇ? ನಾನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದೆ, ದಿನ ಬಂದಾಗ ಸಾಲು ಕೆಂಪಾಗುವಂತೆ. ಅವರು ಬೇಡವೆನ್ನಲಿಲ್ಲ. “ಎರಡೂ ಇರ್ಲಿ ಬಾಯಿ. ಅದು ಅಂಜೂದಿಲ್ಲ, ನಾವು ಅಂಜತೀವಿ.”

ಕೋಣೆಯ ಬಾಗಿಲ ಹಿಂದೆ ಇನ್ನೊಂದು ಮೊಳೆಯಿತ್ತು. ಅದು ಅವರ ಬಿಳಿ ಕೋಟಿನದು. ಕೋಟಿನ ಕೆಳಗೆ, ಬಣ್ಣ ಹೋದ ಒಂದೇ ಒಂದು ಚೀಟಿ. ಒಂದು ಸಂಜೆ ಅದನ್ನು ತೋರಿಸಿ “ಇದು ಉಳಿಯಿತಲ್ಲ ಕಾಕಾ?” ಎಂದೆ. ಕಾಕಾ ಓದುವುದನ್ನು ನಿಲ್ಲಿಸಿದರು. “ಅದು ಎಣಿಕ್ಯಾಗ ಬರೂದಿಲ್ರಿ” ಎಂದರು, ಅಷ್ಟೇ.

ಸೇರಿ ನಾಲ್ಕು ತಿಂಗಳಾಗಿತ್ತು. ಅವರು ಕಣ್ಣಿನ ಪೊರೆ ತೆಗೆಸಲು ಸೊಲ್ಲಾಪುರಕ್ಕೆ ಹೋಗಿದ್ದ ವಾರ, ನಾರಾಯಣಪುರದ ನಿವೃತ್ತ ಹವಾಲ್ದಾರರೊಬ್ಬರು ಜ್ವರದಿಂದ ನಡುಗುತ್ತ ಬಂದರು. ಎಡಗಡೆ ಮೂತ್ರನಾಳದಲ್ಲಿ ಕಲ್ಲು. ನಾನೊಬ್ಬಳೇ ತೆಗೆದೆ, ಸ್ಟೆಂಟ್ ಹಾಕಿದೆ. ಚೆನ್ನಾಗಿಯೇ ಆಯಿತು. ಪೊಟ್ಟಣದ ಚೀಟಿಯನ್ನು ಮೊಳೆಗೆ ಹಾಕುವ ಬದಲು, ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವಂತೆ ಅವರ ಕಡತದೊಳಗೆ ನೀಟಾಗಿ ಅಂಟಿಸಿದೆ. ಕಂಪ್ಯೂಟರಿನ ಪಟ್ಟಿಗೂ ಸೇರಿಸಿದೆ. ಮನೆಗೆ ಕಳಿಸುವಾಗ ಹೇಳಿದೆ, “ಒಳಗೊಂದು ಪೈಪ್ ಅದ. ತೆಗೀಬೇಕಾಗ್ತದ. ನಾವು ಕರೀತೀವಿ, ಆವಾಗ ಬರ್ರಿ.”

ಹವಾಲ್ದಾರರು ಎದ್ದು ನಿಂತು, “ಜೀ ಮೇಡಂ” ಎಂದರು.

ಮಾಜಿ ಸೈನಿಕರ ಚಿಕಿತ್ಸೆಯ ಖರ್ಚಿನ ಮಂಜೂರಾತಿಗಾಗಿ ಕಡತ ಬೀದರಿಗೆ ಹೋಯಿತು. ಸ್ಟೆಂಟ್ ತೆಗೆಯಬೇಕಾದ ದಿನ ಬಂದಾಗ ನಾನು ಅಕ್ಕನ ಹೆರಿಗೆಗೆಂದು ರಜೆಯಲ್ಲಿದ್ದೆ. ನನ್ನ ಪಟ್ಟಿಯನ್ನು ನನ್ನನ್ನು ಬಿಟ್ಟು ಬೇರೆ ಯಾರೂ ತೆರೆಯುತ್ತಿರಲಿಲ್ಲ. ಕೆಂಪಾದ ಸಾಲು ಯಾರಿಗೂ ಕಾಣದೆ ಕೆಂಪಾಗಿಯೇ ಕೆಳಗೆ ಸರಿಯಿತು. ಮರಳಿ ಬಂದ ನಾನು ಆ ದಿನದಿಂದ ಮುಂದಿನದನ್ನು ನೋಡಿದೆನೇ ಹೊರತು ಹಿಂದಿನದನ್ನು ನೋಡಲಿಲ್ಲ. ಪ್ರತಿ ಸಂಜೆ ಕಾಕಾ ಹೆಸರು ಓದಿದರು, ಸಾಬ್ ದಿನ ಹೇಳಿದರು. ಪ್ರತಿ ಸಂಜೆಯೂ ಎಣಿಕೆ ಸರಿಯಾಗಿತ್ತು. ಮೊಳೆಯಲ್ಲಿ ಇಲ್ಲದ್ದನ್ನು ಯಾರು ಎಣಿಸಬೇಕು? ಈಗಲೂ ನನ್ನನ್ನು ಹೆದರಿಸುವುದು ತಪ್ಪಿಗಿಂತ ಹೆಚ್ಚಾಗಿ ಆ ಸರಿಯಾದ ಎಣಿಕೆಯೇ.

ಹದಿನಾಲ್ಕು ತಿಂಗಳ ನಂತರ, ಬಸವಕಲ್ಯಾಣದಲ್ಲಿ ಒಂದು ಶನಿವಾರ. ಪಕ್ಕೆ ತಟ್ಟಲು ರೇಗಿದ ಅದೇ ಸುಬೇದಾರರು ತಪಾಸಣೆಗೆ ಬಂದಿದ್ದರು. ನೀರು ಸರಿಯಾಗಿ ಕುಡಿಯುತ್ತೀರಾ ಎಂದು ಕೇಳಿದೆ.

“ಕುಡೀತೀನ್ರಿ. ನಾ ಏನು ನಾರಾಯಣಪುರದ ಹವಾಲ್ದಾರ ಏನ್ರಿ? ಆರು ತಿಂಗಳಾತು, ಪಿಶಾಬಿನ್ಯಾಗ ರಕ್ತ ಬರಾಕತ್ತದ, ಬೆನ್ನು ಹಿಡ್ಕೊಂಡು ಕುಡಗೋಲಿನಂಗ ಬಾಗಿ ನಡ್ಯಾಕತ್ತಾನ. ಬಾರೋ ದವಾಖಾನಿಗಿ ಹೋಗೂಣು ಅಂದ್ರ, ‘ಮೇಡಂ ಕರೀತೀವಿ ಅಂದಾರ, ಇನ್ನಾ ಆರ್ಡರ್ ಬಂದಿಲ್ಲ’ ಅಂತಾನ. ಯಮ ಬಂದು ನಿಂತ್ರೂ ಆರ್ಡರ್ ಎಲ್ಲಿ ಅಂತ ಕೇಳ್ತಾನ ಆ ಮಗಾ!”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟೆ.

ತಕ್ಷಣ ಎದ್ದು ಸಾಬರ ಬಳಿ ಹೋದೆ ಎಂದು ಬರೆಯಲು ಇಷ್ಟ. ಹೋಗಲಿಲ್ಲ. ಇನ್ನೂ ಇಬ್ಬರು ರೋಗಿಗಳನ್ನು ನೋಡಿದೆ. ಆ ಹೊತ್ತಿನಲ್ಲಿ ನಾನು ಯೋಚಿಸಿದ್ದು ಇಷ್ಟು: ಮೊಳೆಯಲ್ಲಿ ಚೀಟಿ ಇಲ್ಲ. ಕಡತ ಬೀದರಿನಲ್ಲಿದೆ. ಪಟ್ಟಿಯನ್ನು ತೆರೆಯುವವಳು ನಾನೊಬ್ಬಳೇ. ‘ಕರೀತೀವಿ ಅಂದಿದ್ದರು’ ಎನ್ನುವುದು ಹವಾಲ್ದಾರರ ಮಾತು. ‘ಬನ್ನಿ ಅಂದಿದ್ದೆ’ ಎನ್ನುವುದು ನನ್ನ ಮಾತಾಗಬಹುದು. ಅಂಥ ಯೋಚನೆ ನನ್ನೊಳಗೆ ಅಷ್ಟು ಸರಾಗವಾಗಿ, ಒಂದರ ಹಿಂದೆ ಒಂದು ಸಾಲುಗಟ್ಟಿ ಬಂದದ್ದು ನನಗೆ ಸ್ಟೆಂಟಿಗಿಂತ ದೊಡ್ಡ ಭಯವಾಯಿತು. ಎದ್ದೆ.

ಒಳಕೋಣೆಯಲ್ಲಿ ಅವರೊಬ್ಬರೇ ಇದ್ದರು. “ಸರ್, ಒಂದು ಸ್ಟೆಂಟ್ ಒಳಗೇ ಉಳಿದಿದೆ. ನಾನು ಹಾಕಿದ್ದು.”

“ಎಷ್ಟು ದಿವ್ಸ ಆತು?”

“ಹದಿನಾಲ್ಕು ತಿಂಗಳು.”

ಅವರ ಕಿವಿಗಳು ಕೆಂಪಾಗಲಿಲ್ಲ. ಬಿಳಿಚಿದವು. ಹಾಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಬೈಯಲಿಲ್ಲ. ಮೇಜಿನಿಂದ ಕಾರಿನ ಕೀಲಿ ತೆಗೆದುಕೊಂಡು, “ಕಾಕಾ, ಮಂದಿಗಿ ಕೂಡಿಸ್ರಿ, ಹೋಗಿ ಬರ್ತೀವಿ” ಎಂದರು.

ನಾರಾಯಣಪುರ ದೂರವಲ್ಲ. ಆ ದಾರಿಯಲ್ಲೂ ಕಬ್ಬಿನ ಟ್ರ್ಯಾಕ್ಟರುಗಳಿದ್ದವು. ಅವರು ಒಂದಕ್ಕೂ ನಿಲ್ಲಿಸಲಿಲ್ಲ. ಟ್ರೇಲರಿನ ಕಬ್ಬಿನ ತುದಿಗಳು ನನ್ನ ಕಡೆಯ ಗಾಜಿಗೆ ಗೀರಿ ಹೋಗುತ್ತಿದ್ದವು. ಅವರು ಹೆದರಿಕೆಯನ್ನು ಮರೆತದ್ದಲ್ಲ. ಅದಕ್ಕಿಂತ ದೊಡ್ಡದೊಂದು ಅವರನ್ನು ಹಿಡಿದಿತ್ತು. ನಾನು ಸೀಟಿನ ಅಂಚು ಹಿಡಿದು ಕುಳಿತಿದ್ದೆ.

ಹಳೆಯ ಶಿವಾಲಯ ದಾಟಿ ಎರಡು ಓಣಿ ಆಚೆ ಹವಾಲ್ದಾರರ ಮನೆ. ಪಡಸಾಲೆಯ ಗೋಡೆಯಲ್ಲಿ ಬುದ್ಧನ ಚಿತ್ರ, ಪಕ್ಕದಲ್ಲಿ ರೆಜಿಮೆಂಟಿನವರೆಲ್ಲ ಸಾಲಾಗಿ ಕೂತ ಫೋಟೋ. ಹವಾಲ್ದಾರರು ಹೊರಸಿನಿಂದ ಏಳಲು ಒಂದು ಕೈ ಗೋಡೆಗೆ ಕೊಟ್ಟರು. ನೆಟ್ಟಗೆ ನಿಂತ ಮೇಲೆ ಆ ಕೈ ತೆಗೆದು, “ಜೈ ಹಿಂದ್ ಸಾಬ್” ಎಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು.

ನಾವು ಏನೂ ಹೇಳುವ ಮೊದಲೇ ಅವರು ಒಳಕ್ಕೆ ಕೂಗಿದರು, “ಏ, ಬ್ಯಾಗ್ ತಾ. ಕರ್ಯಾಕ ಬಂದಾರ.”

ಹೆಂಡತಿ ಗೂಟದಿಂದ ಒಂದು ಹಸಿರು ಚೀಲ ಇಳಿಸಿ ತಂದರು. ಟವೆಲ್, ಎರಡು ಜೊತೆ ಬಟ್ಟೆ, ಗಡ್ಡ ಹೆರೆಯುವ ಸಾಮಾನು, ಸೈನ್ಯದ ಕಾಗದಪತ್ರ. ಆಸ್ಪತ್ರೆಯಿಂದ ಬಂದ ವಾರವೇ ಅವರು ಅದನ್ನು ತುಂಬಿಸಿ ಇಟ್ಟಿದ್ದರಂತೆ. “ದಸರಾಕ್ಕೊಮ್ಮೆ, ಯುಗಾದಿಗೊಮ್ಮೆ ಅರಿವಿ ತೆಗೆದು ಒಗೆದು ಮತ್ತ ತುಂಬಿಟ್ಟೀನ್ರಿ” ಎಂದರು ಆಕೆ. “ಯಾವಾಗ ಕರೀತಾರೋ ಏನೋ, ತಯಾರಿರಬೇಕು ಅಂತಾನ.”

ಆ ಚೀಲವನ್ನು ನಾನು ಇಂದಿಗೂ ಕನಸಿನಲ್ಲಿ ಕಾಣುತ್ತೇನೆ.

“ಒಂದು ಫೋನ್ ಮಾಡಬಹುದಿತ್ತಲ್ರಿ ಹವಾಲ್ದಾರ್ ಸಾಹೇಬ್ರ” ಎಂದರು ಇವರು, ಬಹಳ ಮೆಲ್ಲಗೆ.

“ಕರೀತೀವಿ ಅಂದಿದ್ರಲ್ರಿ ಸಾಬ್. ಕರೀದ ಹೋಗಿ ಲೈನಿನ್ಯಾಗ ನಿಂತ್ರ ಏನ್ ಛಂದ? ನಮ್ಮ ಕಂಪನ್ಯಾಗ ತಾನಾಗಿ ದವಾಖಾನಿಗಿ ಹೋಗಾಂವಗ ಕಾಮಚೋರ್ ಅಂತಿದ್ರು.” ಆಮೇಲೆ ನನ್ನ ಕಡೆ ತಿರುಗಿ, ತಾನೇ ತಪ್ಪು ಮಾಡಿದವರಂತೆ, “ಥೋಡೆ ತಡ ಆತು, ಖರೆ. ನಿಮಗೂ ಮಂದಿ ಭಾಳ ಇರ್ತಾರ” ಎಂದರು.

ಹುಮನಾಬಾದಿನಲ್ಲಿ ಎಕ್ಸ್-ರೇ ತೆಗೆದೆವು. ನೆರಳಿನಂತೆ ತೆಳ್ಳಗೆ ಕಾಣಬೇಕಾದ ನಳಿಕೆ ಸುಣ್ಣದ ಕೋಲಿನಂತೆ ದಪ್ಪಗೆ ಬೆಳ್ಳಗಿತ್ತು. ಮೂತ್ರಕೋಶದ ತುದಿಯಲ್ಲಿ ನಿಂಬೆಹಣ್ಣಿನಷ್ಟು ಕಲ್ಲು, ಮೂತ್ರಪಿಂಡದ ತುದಿಯಲ್ಲಿ ಅದಕ್ಕಿಂತ ದೊಡ್ಡದು. ಮೂತ್ರಪಿಂಡ ಕೀವು ತುಂಬಿ ಊದಿಕೊಂಡಿತ್ತು.

ಸಾಬ್ ತಮ್ಮ ಕೋಣೆಯ ಬಾಗಿಲು ಹಾಕಿ, ಕೋಟನ್ನು ಮೊಳೆಯಿಂದ ತೆಗೆದು, ಕೆಳಗಿದ್ದ ಹಳೆಯ ಚೀಟಿಯನ್ನು ನನಗೆ ತೋರಿಸಿದರು. ಮಾಸಿದ ಅಕ್ಷರ. ನಾಯಕ್ ಹುದ್ದೆಯ ಒಬ್ಬ ಸೈನಿಕನ ಹೆಸರು, ಬಲಗಡೆ, ಒಂದು ತಾರೀಖು. “ನಂದೂ ಒಂದು ಅದ ಬಾಯಿ. ರಜಾ ಮುಗೀತು ಅಂತ ಬಾರ್ಡರಿಗಿ ಹೋಗಿಬಿಟ್ಟ. ಒಂದು ಕಾಗದ ಹಾಕಬೇಕಿತ್ತು, ಮರೆತೆ. ಎರಡು ವರ್ಷಕ್ಕ ತಿರುಗಿ ಬಂದ. ಉಳೀಲಿಲ್ಲ.” ಕೋಟನ್ನು ಮತ್ತೆ ಅದರ ಮೇಲೆ ಹಾಕಿದರು. “ಈತ ಜೀವಂತ ಇದ್ದಾನ. ನೀವೇ ಹೇಳ್ರಿ ಅವರಿಗಿ. ನಾ ಬಾಜೂಕ ನಿಂದರ್ತೀನಿ.”

“ಆಪರೇಷನ್ ಆದಮೇಲೆ ಹೇಳಿದರೆ?”

“ಖರೆ ಹೇಳದ ಅವರ ಮೈಯಾಗ ಕೈ ಹಾಕಬಾರದು.”

ಹೇಳಿದೆ. ಹಾಸಿಗೆಯ ಕಂಬಿ ಹಿಡಿದು ನಿಂತು ಹೇಳಿದೆ. ಕರೆಯಬೇಕಾದವಳು ನಾನು, ಕರೆಯಲಿಲ್ಲ, ಮರೆತೆ. ಎಡಗಡೆಯ ಮೂತ್ರಪಿಂಡ ಉಳಿಯದೆ ಇರಬಹುದು. ತೆಗೆಯುವಾಗ ಜೀವಕ್ಕೂ ಅಪಾಯವಿದೆ. ಬೇಕಾದರೆ ಹೈದರಾಬಾದಿಗೆ ಕಳಿಸುತ್ತೇವೆ, ನನ್ನ ಮೇಲೆ ದೂರು ಕೊಡುವುದಾದರೆ ಅದಕ್ಕೆ ಬೇಕಾದ ಕಾಗದ ನಾನೇ ಬರೆದುಕೊಡುತ್ತೇನೆ. ನನ್ನ ಧ್ವನಿ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು.

ಮೊದಲು ಮಾತಾಡಿದವರು ಹವಾಲ್ದಾರರ ಹೆಂಡತಿ. “ಹದಿನೇಳು ವರ್ಷ ಬರ್ಫಿನ್ಯಾಗ, ಗುಂಡಿನ್ಯಾಗ ಇದ್ದು ಹೊಳ್ಳಿ ಬಂದಾಂವ್ರಿ ಇಂವಾ. ನಿಮ್ಮ ಒಂದು ಮಾತು ಕೇಳಿ ಮನ್ಯಾಗ ಕುಂತು ಹಾಳಾದ. ನಾ ಹೋಗು ಹೋಗು ಅಂತ ಹೊಯ್ಕೊಂಡ್ರೂ ಕೇಳಲಿಲ್ಲ. ನೀವು ಅಷ್ಟೆಲ್ಲಾ ಓದೀರಿ, ನಮ್ಮವ್ವಾ, ಒಂದು ಫೋನ್ ಹಚ್ಚಾಕ ಆಗಲಿಲ್ಲೇನು?”

ಪಕ್ಕದಲ್ಲಿ ನಿಂತಿದ್ದ ಸಾಬ್ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಕೈಕಟ್ಟಿ ನಿಂತೇ ಇದ್ದರು. ಹವಾಲ್ದಾರರು ಅವರನ್ನು ಕೇಳಿದರು, “ತೆಗ್ಯಾವರು ಯಾರ್ರಿ ಸಾಬ್?”

“ನಾನು. ಬಾಯಿ ಮದತ್ ಮಾಡ್ತಾರ. ನೀವು ಬ್ಯಾಡಂದ್ರ ಅವರು ಒಳಗ ಬರೂದಿಲ್ಲ.”

“ಹಾಕಿದವರು ಮೇಡಂ. ಮೇಡಂನೇ ತೆಗೀಲಿ. ನೀವು ನಿಂತು ನೋಡ್ರಿ.”

ಇದು ನಂಬಿಕೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಆ ಸಂಜೆ ಸಾಬ್ ಹೊಸದೊಂದು ಚೀಟಿ ಮಾಡಿದರು. ಅರಿಶಿನ ಹಚ್ಚಿದ ಮೂಲೆಯ ಲಗ್ನಪತ್ರಿಕೆಯ ತುಂಡಿನ ಮೇಲೆ ತಮ್ಮ ಕೈಯಾರೆ ಹವಾಲ್ದಾರರ ಹೆಸರು, ನಾರಾಯಣಪುರ, ಎಡಗಡೆ ಎಂದು ಬರೆದು, ಎಂದೋ ದಾಟಿಹೋದ ಆ ಮೊದಲ ತಾರೀಖನ್ನೇ ಹಾಕಿ ಮೊಳೆಗೆ ತೂಗಿದರು. ಕಾಕಾ ಓದಿದರು. ಇವರು ದಿನ ಹೇಳಿದರು.

ಮೊದಲು ಬೆನ್ನಿನಿಂದ ಒಂದು ನಳಿಕೆ ಇಳಿಸಿ ಕೀವು ಬಸಿದೆವು. ಹತ್ತು ದಿನ ಔಷಧಿ. ಆ ಹತ್ತು ದಿನ ನಾನೂ ಊಟ ಬಿಟ್ಟು ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂರುವುದನ್ನು ಕಲಿತೆ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನನ್ನ ಕೈ ನಡುಗುತ್ತಿತ್ತು. ಅವರು ನೋಡಿದರು. ತಮ್ಮ ಕೈಯನ್ನು ಮುಂದೆ ಚಾಚಿ ತೋರಿಸಿದರು. ಅದೂ ನಡುಗುತ್ತಿತ್ತು. “ಮೂವತ್ತು ವರ್ಷದಿಂದ ಹಿಂಗೇ ಅದ” ಎಂದರು. “ನಿಂದರ್ತದ ಅಂತ ಕಾಯಬ್ಯಾಡ್ರಿ. ಮೊಣಕೈ ಪಕ್ಕಡಿಗಿ ಒತ್ತಿ ಹಿಡೀರಿ. ಕೈ ನಡುಗಲಿ, ತುದಿ ನಡುಗೂದಿಲ್ಲ.” ಎಷ್ಟೋ ಸಲ ಅವರನ್ನು ಹತ್ತಿರದಿಂದ ನೋಡಿದ್ದರೂ, ಮೊಣಕೈಯನ್ನು ಪಕ್ಕೆಗೆ ಆನಿಸಿಕೊಳ್ಳುವುದನ್ನು ಬರೀ ಅಭ್ಯಾಸವೆಂದುಕೊಂಡಿದ್ದೆ.

ಮೂತ್ರಕೋಶದ ಕಲ್ಲು ಬೇಗ ಒಡೆಯಿತು. ಮೇಲಿನದು ಮೂರು ಗಂಟೆ ತೆಗೆದುಕೊಂಡಿತು. ಆಮೇಲೆ ನಳಿಕೆಯನ್ನು ಎಳೆಯಬೇಕು. ಒಂದು ಕೂದಲೆಳೆ ಜೋರಾದರೂ ಮೂತ್ರನಾಳವೇ ಹರಿದು ಕೈಗೆ ಬರುತ್ತದೆ. ಎಳೆದೆ, ಬರಲಿಲ್ಲ. ಸಾಬ್ ನನ್ನ ಭುಜದ ಹಿಂದೆ ನಿಂತು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: “ಬಿಡ್ರಿ. ಮತ್ತ ನೋಡ್ರಿ.” ಎಳೆಯಲು ಒಮ್ಮೆಯೂ ಹೇಳಲಿಲ್ಲ, ಬಿಡಲು ಮಾತ್ರ ಹೇಳಿದರು. ಕೊನೆಗೆ ಅದು ಎರಡು ತುಂಡಾಗಿ ಬಂತು. ತಟ್ಟೆಯಲ್ಲಿ ಅದು ಟಣ್ ಎಂದು ಸದ್ದು ಮಾಡಿತು. ಮೆತ್ತನೆಯ ನಳಿಕೆ ಹಾಗೆ ಸದ್ದು ಮಾಡಬಾರದು.

ಎರಡು ದಿನ ಜ್ವರ ನೂರ ಮೂರಕ್ಕೆ ಏರಿ ಇಳಿಯಿತು. ಹವಾಲ್ದಾರರು ಉಳಿದರು. ಆದರೆ ಕಲಬುರಗಿಯಲ್ಲಿ ಮಾಡಿಸಿದ ಸ್ಕ್ಯಾನು ಎಡಗಡೆಯ ಮೂತ್ರಪಿಂಡದ ಕೆಲಸದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿದೆ ಎಂದಿತು. ಅದನ್ನೂ ನಾನೇ ಹೇಳಿದೆ. ಇನ್ನೊಂದು ಚೆನ್ನಾಗಿದೆ ಎಂದು ಸೇರಿಸಿದೆ. ಆ ಮಾತು ಬಾಯಿಂದ ಹೊರಬಿದ್ದಾಗ ಎಷ್ಟು ಬಡವಾಗಿತ್ತೆಂದು ನನಗೆ ಗೊತ್ತು.

ಮನೆಗೆ ಹೋಗುವ ದಿನ ಹಸಿರು ಚೀಲ ಹೆಗಲಿಗೆ ಹಾಕಿಕೊಂಡು ಕೋಣೆಗೆ ಬಂದರು. ಸಾಬ್ ಮೊಳೆಯಿಂದ ಚೀಟಿ ಬಿಡಿಸಿ ಅವರ ಕೈಗೆ ಕೊಟ್ಟರು. ಕಾಕಾ ಬುಟ್ಟಿ ಮುಂದೆ ಸರಿಸಿದರು. ಹವಾಲ್ದಾರರು ಚೀಟಿಯನ್ನು ದೂರ ಹಿಡಿದು ಪೂರ್ತಿ ಓದಿದರು. ಹರಿಯಲಿಲ್ಲ. ನನ್ನ ಹತ್ತಿರ ಬಂದು ನನ್ನ ಅಂಗೈಯಲ್ಲಿ ಇಟ್ಟರು.

“ಇದು ನಿಮ್ಮ ಕಡೆ ಇರ್ಲಿ ಮೇಡಂ.”

ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಕಾವಲು ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ವಸ್ತು ಒಪ್ಪಿಸುವಂತೆ ಕೊಟ್ಟರು. ಸಾಬ್ ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಕಿವಿಗಳು ಕೆಂಪಾಗಿದ್ದವು.

ಅಂದಿನಿಂದ ನಾನು ‘ಕರೀತೀವಿ’ ಎಂದು ಯಾರಿಗೂ ಹೇಳಿಲ್ಲ. ವಾರ, ತಾರೀಖು, ಗಂಟೆ ಬರೆದು ಕೊಡುತ್ತೇನೆ, ‘ಇದೇ ಆರ್ಡರ್’ ಎನ್ನುತ್ತೇನೆ. ನಾಲ್ಕೂವರೆ ವರ್ಷ ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಅವರು ಕೆಲಸ ನಿಲ್ಲಿಸಿದ ಸಂಜೆ ಕಾಕಾ ಎಂದಿನಂತೆ ಹೆಸರುಗಳನ್ನು ಓದಿದರು. ದಿನಗಳನ್ನು ಸಾಬ್ ಹೇಳಲಿಲ್ಲ, ನನ್ನ ಕಡೆ ನೋಡಿದರು. ನಾನು ಹೇಳಿದೆ. ಒಂದೂ ತಪ್ಪಲಿಲ್ಲ. ತಪ್ಪುವೆನೆಂಬ ಹೆದರಿಕೆಯಲ್ಲಿ ಹಿಂದಿನ ವಾರವಿಡೀ ಬಾಯಿಪಾಠ ಮಾಡಿದ್ದೆ. ಅವರು ತಲೆಯಾಡಿಸಿದರು. ಬಾಗಿಲ ಹಿಂದಿನ ಮೊಳೆಯಿಂದ ಕೋಟು ತೆಗೆದು ಮಡಚಿ ತೋಳಿನ ಮೇಲೆ ಹಾಕಿಕೊಂಡರು. ಆಮೇಲೆ ಹಳೆಯ ಚೀಟಿಯನ್ನು ಬಿಡಿಸಿ, ಅಂಗಿಯ ಜೇಬಿನಲ್ಲಿಟ್ಟು, ಮೇಲೊಮ್ಮೆ ತಟ್ಟಿ ನೋಡಿಕೊಂಡು ಹೊರಟರು. ಬಾಗಿಲ ಬಳಿ ನಿಂತು, “ಟ್ರ್ಯಾಕ್ಟರ್ ಭಾಳ ಅವ ಬಾಯಿ ಈಗ. ಸಾವಕಾಶ ಹೋಗ್ರಿ” ಎಂದರು. ನನಗೆ ಅವರು ಹೇಳಿದ ಕೊನೆಯ ಮಾತುಗಳಲ್ಲಿ ಅದೊಂದು.

ಶ್ರದ್ಧಾಂಜಲಿ ಸಭೆ ಮುಗಿದಾಗ ಹವಾಲ್ದಾರರು ನನ್ನ ಮುಂದೆ ಬಂದು ನಿಂತು, ಕೈಮುಗಿದು ಹೋದರು.

ಕೋಣೆ ಈಗ ನನ್ನದು. ಅವರು ಬಿಟ್ಟುಹೋದ ಖಾಲಿ ಮೊಳೆಗೆ ನಾನು ನಾರಾಯಣಪುರದ ಚೀಟಿಯನ್ನು ಹಾಕಿದ್ದೇನೆ. ಅದರ ಮೇಲೆ ನನ್ನ ಕೋಟು. ಸಾಬ್ ತಮ್ಮ ಚೀಟಿಯನ್ನು ಕೋಟಿನ ಕೆಳಗೆ ಬಚ್ಚಿಟ್ಟಿದ್ದರು ಎಂದು ಇಷ್ಟು ವರ್ಷ ನಾನು ತಿಳಿದಿದ್ದೆ. ಅವರು ಬಚ್ಚಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಮೊದಲ ರೋಗಿ ಒಳಗೆ ಬರುವ ಮುನ್ನ ಕೋಟನ್ನು ಕೈಗೆತ್ತಿಕೊಳ್ಳುತ್ತೇನೆ. ಆ ಹೆಸರು, ಆ ಊರು, ಎಡಗಡೆ, ಆ ದಾಟಿಹೋದ ತಾರೀಖು ಕಣ್ಣೆದುರಿಗೇ ಇರುತ್ತವೆ. ಎರಡೂ ತೋಳುಗಳನ್ನು ಕೋಟಿಗೆ ಹಾಕುವವರೆಗೆ ಅವನ್ನು ನೋಡದೆ ಬೇರೆ ದಾರಿಯಿಲ್ಲ.